ತುಂಬದೆ ಬಿಟ್ಟ ಉಡಿ

ಮೂಡಲಗಿ
20 ಫೆಬ್ರುವರಿ 2025

ಮಗಳು ದಾನೇಶ್ವರಿಗೆ, ಸಿಟ್ಟಿದ್ದರೂ ಅವ್ವನ ಆಶೀರ್ವಾದ ತಗೋ.

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಒಳ್ಳೆಯದೇ ಆಯಿತು, ಎತ್ತಿದ್ದರೆ ಜಗಳವಾಡುತ್ತಿದ್ದೆ. ಸೋಮವಾರ ನಿನ್ನ ವಿಚಾರಣೆಯಂತೆ. ನಾನು ತುಂಬಿದ ಒಂದು ಉಡಿಯಿಂದ ನಿನ್ನ ನೌಕರಿಯೇ ಹೋಗುವ ಹಾಗಿದೆ ಎಂದು ನಿನ್ನ ತಮ್ಮ ಶಿವಕುಮಾರ ಹೇಳಿದ.

ಪರದೇಶದ ತೆರಿಗೆ ಅಧಿಕಾರಿಗಳಿಗೆ ನನ್ನ ಮಗಳು ತರಬೇತಿ ಕೊಡುತ್ತಾಳೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಗೋಕಾಕದ ಯಾವ ವ್ಯಾಪಾರಿಯೂ ತೆರಿಗೆಯವರಿಗೆ ಬಾಗಿಲು ತೆರೆಯಲಿಲ್ಲವೆಂದು ತಪಾಸಣೆ ಕಲಿಸಲು ನೀನು ಅವರನ್ನು ನಿನ್ನ ತಮ್ಮನ ಬೆಲ್ಲದ ಗೋದಾಮಿಗೆ ಕರೆತಂದೆ. ಜಾಂಬಿಯಾದ ತಾಂಡಿವೆ ಸ್ಟಾಕಿನ ಬುಕ್ಕು ನೋಡಿ ಎಲ್ಲ ಸರಿಯಿದೆ ಎಂದು ಬರೆದಳು. ಆಮೇಲೆ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬಂದರು. ಹೊರಡುವಾಗ ತಾಂಡಿವೆಯ ಉಡಿಗೆ ರವಿಕೆಯ ಖಣ, ಕಾಯಿ, ಅಕ್ಕಿ ಹಾಕಿದೆ. ತಪಾಸಣೆ ಮಾಡಿದ ಕಡೆ ಏನು ಪಡೆದರೂ ತಿಳಿಸಬೇಕಂತೆ. ಪಾಪ, ಆ ಹುಡುಗಿ ಪ್ರಾಮಾಣಿಕವಾಗಿ ಬರೆದುಕೊಟ್ಟಳು. ಈಗ ನಿನ್ನ ಮೇಲಿನವರು ಕೇಳುತ್ತಿರುವುದು ಒಂದೇ. ಬಂದ ಹೆಂಗಸರು ಇಬ್ಬರು, ಭೂತಾನದ ಪೇಮಾಳಿಗೆ ಯಾಕೆ ಕೊಡಲಿಲ್ಲ? ಬುಕ್ಕು ನೋಡಿದವಳಿಗೆ ಮಾತ್ರ ಕೊಟ್ಟದ್ದು ಲಂಚವಲ್ಲವೇ?

ಪೇಮಾ ಆಗ ಕೈ ತೊಳೆಯಲು ಹೋಗಿದ್ದಳು ಎಂದು ಹೇಳಿಕೆ ಬರೆದುಬಿಡು ಅಂದ ಶಿವಕುಮಾರ. ನಿಮ್ಮಪ್ಪನೂ ತಲೆಯಾಡಿಸಿದರು. ಬರೆದೆ, ಸಹಿ ಮಾಡಲು ಕೈ ಏಳಲಿಲ್ಲ. ಅವಳು ಎಲ್ಲಿಗೂ ಹೋಗಿರಲಿಲ್ಲ. ತಾಂಡಿವೆಯನ್ನು ನೋಡಿ ತಾನೂ ಹೆಗಲ ವಸ್ತ್ರದ ತುದಿ ಚಾಚಿ, ನಗುತ್ತ ನನ್ನ ಮುಂದೆ ನಿಂತಿದ್ದಳು. ತಾಟಿನಲ್ಲಿ ಇನ್ನೊಂದು ಖಣ ಇತ್ತು. ತಾಟು ಎತ್ತಿಕೊಂಡು ನಾನು ಒಳಗೆ ಹೋದೆ.

ಯಾಕೆಂದು ನಿನಗೆ ಗೊತ್ತು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ನೀನೇ ಹೇಳಿದ್ದೆ, "ಪೇಮಾನ ಗಂಡನೂ ತೀರಿಕೊಂಡಾನವ್ವಾ, ನನ್ನಂಗ." ದಿನಾ ವಚನ ಓದುವ ಬಾಯಿ ನನ್ನದು, ವಿಧವೆಗೆ ಉಡಿ ತುಂಬಲು ಮಾತ್ರ ಕೈ ಬರಲಿಲ್ಲ. ಅಳಿಯ ಬಸವಲಿಂಗ ಹೋದ ಮೇಲೆ ನೀನು ಹುಕ್ಕೇರಿಯ ಮನೆಯಿಂದ ಮೂರು ನಾಗಪಂಚಮಿಗೆ ತವರಿಗೆ ಬಂದೆ, ಮೂರು ಸಲವೂ ಬರಿ ಉಡಿಯಲ್ಲಿ ಕಳಿಸಿದೆ. ನೀನು ತುಟಿ ಬಿಚ್ಚಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡೆ. ಅವತ್ತು ಮಾತ್ರ ನೀನು ನನ್ನ ಹಿಂದೆಯೇ ಒಳಗೆ ಬಂದು, "ಅಕಿಗೂ ಬ್ಯಾಡೇನವ್ವಾ?" ಅಂದೆ. ಕೇಳಿಸದವಳ ಹಾಗೆ ನಿಂತೆ.

ಇದಿಷ್ಟನ್ನು ಹೇಳಿದರೆ ಲಂಚದ ಮಾತೇ ಬಿದ್ದುಹೋಗುತ್ತದೆ. ನೀನು ಹೇಳಿಲ್ಲ. ಅವ್ವನ ಮಾನ ಕಾಯುತ್ತ ಕೂತಿದ್ದೀಯಲ್ಲ, ಹುಚ್ಚಿ!

ಸುಳ್ಳಿನ ಹಾಳೆಯನ್ನು ಒಲೆಗೆ ಹಾಕಿದೆ. ಇದರ ಜೊತೆಗಿರುವುದು ಖರೆ ಹೇಳಿಕೆ: ಪೇಮಾಳನ್ನು ವಿಧವೆಯೆಂದು ಬಿಟ್ಟೆ, ಹೆತ್ತ ಮಗಳಿಗೂ ಹಾಗೇ ಮಾಡಿದ್ದೇನೆ. ಸಹಿ ಹಾಕಿದ್ದೇನೆ. ಮಂದಿ ಏನಾದರೂ ಅನ್ನಲಿ. ಸೋಮವಾರ ಗೋಕಾಕಕ್ಕೆ ವಿಚಾರಣೆಯ ಹೊತ್ತಿಗೆ ಬರುತ್ತೇನೆ, ಕೇಳಿದರೆ ಎಲ್ಲರೆದುರು ಬಾಯಿಂದಲೂ ಹೇಳುತ್ತೇನೆ.

ನಿನ್ನ ಅವ್ವ,
ಶಿವಗಂಗವ್ವ

ತಾ.ಕ.: ಪೊಟ್ಟಣದಲ್ಲಿ ಮೂರು ಖಣ ಇವೆ. ಈಗ ಕೊಂಡವಲ್ಲ. ಪ್ರತಿ ಪಂಚಮಿಗೂ ನಿನಗೆಂದೇ ತಂದು, ಕೊಡಲು ಧೈರ್ಯ ಸಾಲದೆ ಟ್ರಂಕಿನ ತಳದಲ್ಲಿ ಇಟ್ಟವು. ಪೇಮಾಳದ್ದನ್ನು ನಾನೇ ತರುತ್ತೇನೆ, ಅದನ್ನು ಅವಳು ಬೇಕಾದರೆ ಸರಕಾರಕ್ಕೆ ತಿಳಿಸಲಿ. ಇವನ್ನು ನೀನು ತಿಳಿಸಬೇಡ. ಇವು ತವರಿನವು.