ತಾಂಡೇಲನ ಪಾಲಿನ ಎರಡು ಬಂಗಡೆ

ಪರವಾನಗಿ ಕೊಡುವ, ಕೊಟ್ಟದ್ದನ್ನು ಕಸಿಯುವ ಅಧಿಕಾರಿಗಳೇ,

ನನ್ನ ವಿಡಿಯೋ ಗೇಮ್ ಅಂಗಡಿಗೆ ತಾವು ಬೀಗ ಜಡಿದಿರಿ. ಅದನ್ನು ಹೇಗೋ ನುಂಗಿಕೊಂಡೇನು. ನನ್ನ ಅಪ್ಪನನ್ನು ಜೂಜುಕೋರ ಎಂದು ಬರೆದಿರಲ್ಲ, ಅದನ್ನು ನುಂಗಲಾರೆ. ಅಂಕೋಲೆಯ ಪೇಟೆಯಲ್ಲಿ ಹಣ ಕಟ್ಟಿಸಿ ಆಡಿಸುವ ಯಂತ್ರಗಳು ಹೆಚ್ಚಾಗಿವೆ, ಅವನ್ನು ನಿಲ್ಲಿಸಲು ತಾವು ಹೊರಟದ್ದು ಸರಿಯೇ. ಆದರೆ ಗುಂಡಿ ಒತ್ತುವ ಯಂತ್ರವೆಲ್ಲ ಜೂಜೇ ಎಂದಾದರೆ, ತಮ್ಮ ಕಚೇರಿಯ ಕಂಪ್ಯೂಟರಿಗೂ ಒಂದು ಸೀಲು ಬೀಳಬೇಕಿತ್ತಲ್ಲವೇ?

ನನ್ನ ಅಪ್ಪ ತುಳಸಿದಾಸ ಹಾರವಾಡದ ತಾಂಡೇಲ, ದೋಣಿ ನಡೆಸುತ್ತಿದ್ದ ಯಜಮಾನ. ಲಕ್ವ ಹೊಡೆದು ಬಲಗೈ ಮಡಚಿಕೊಂಡ ಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂರುವುದನ್ನೂ ಬಿಟ್ಟಿದ್ದ. ಕೈ ಆಡಿಸುತ್ತಿರಿ ಎಂದಿದ್ದರು ಕಾರವಾರದ ಡಾಕ್ಟರು. ಮನೆಯಲ್ಲಿ ಒಬ್ಬನನ್ನೇ ಬಿಡಲಾಗದೆ ಅಂಗಡಿಗೆ ಕರೆತಂದು, ಕಾರು ಓಡಿಸುವ ಆಟದ ಮುಂದೆ ಕೂರಿಸುತ್ತಿದ್ದೆ. ಒಂದು ದಿನ ಆ ಕೈ ತಾನಾಗಿ ಸ್ಟೀರಿಂಗಿನ ಮೇಲೆ ಹೋಗಿ ಕೂತಿತು. ಬೆರಳು ಬಿಚ್ಚಿದವು. ಗಿರಾಕಿಗಳ ಎದುರೇ ನಾನು ಅತ್ತುಬಿಟ್ಟೆ. ಅಪ್ಪನಿಗೆ ಮಾತ್ರ ಅದು ಕಾರಲ್ಲ, ದೋಣಿ. ತಿರುವು ಬಂದರೆ, ದೋಣಿ ನದಿಯ ಬಾಯಿಗೆ ಬಂದಂತೆ, “ಅಳಿವೆ ಬಂತು, ಗಟ್ಟಿ ಹಿಡ್ಕಳ್ರೋ!” ಎಂದು ಕೂಗುತ್ತಿದ್ದ.

ಮೀನು ಹಂಚುವಾಗ ತಾಂಡೇಲನ ಪಾಲನ್ನು ಮೊದಲು ಎತ್ತಿಡುವುದು ನಮ್ಮವರ ಪದ್ಧತಿ. ನಮ್ಮೂರಿನ ನಿತಿನ ನನ್ನ ಅಪ್ಪನ ದೋಣಿಯಲ್ಲಿ ದುಡಿದವ. ಪೇಟೆಯಲ್ಲಿ ಮೀನು ಮಾರಿ ಅಂಗಡಿಗೆ ಬಂದರೆ, ಅಪ್ಪನ ಆಟ ಮುಗಿದೊಡನೆ ಎರಡು ಬಂಗಡೆ ಯಂತ್ರದ ಮೇಲಿಟ್ಟು “ತಗಳಿ ತಾಂಡೇಲ್ರೇ, ನಿಮ್ಮ ಪಾಲು” ಎನ್ನುತ್ತಿದ್ದ. ತಾವು ತಪಾಸಣೆಗೆ ಒಳಬಂದದ್ದು ಸರಿಯಾಗಿ ಆ ಹೊತ್ತಿಗೆ.

“ಇದೇನು, ಗೆದ್ದದ್ದಾ?” ಎಂದಿರಿ. ಅಪ್ಪ ಹೆಮ್ಮೆಯಿಂದ “ಹೌದ್ರಾ, ನನ್ನ ಪಾಲು” ಎಂದ. ಮುಗಿಯಿತು! ಪಂಚನಾಮೆಯಲ್ಲಿ ‘ಪಣದ ವಸ್ತು: ಬಂಗಡೆ ಮೀನು’ ಎಂದಾಯಿತು. “ಅಯ್ಯೋ ಮಾರಾಯ್ರೇ, ಅದು ಜೂಜಲ್ಲ, ಮರ್ಯಾದಿ ಕೊಡೂದು!” ಎಂದು ನಿತಿನ ಗೋಗರೆದ. ತಾವು ಕೇಳಿದಿರಾ? ಜಪ್ತಿಯಾದ ಆ ಸಾಕ್ಷ್ಯ ಈಗ ಯಾವ ಕಪಾಟಿನಲ್ಲಿದೆ ಸ್ವಾಮಿ? ಅಥವಾ ಯಾರದೋ ಬಾಣಲೆಯಲ್ಲಿ ಕಾನೂನುಬದ್ಧವಾಗಿ ವಿಲೇವಾರಿ ಆಯಿತೇ? ಪಂಚನಾಮೆಗೆ ಹೆಬ್ಬೆಟ್ಟು ಒತ್ತಲು ಎಡಗೈ ಸಾಕು ಎಂದರೂ ಅಪ್ಪ ಚಾಚಿದ್ದು ಬಲಗೈಯನ್ನೇ. ಈಗ ಅದು ಬರುತ್ತದೆ ಎಂದು ತಮಗೆ ತೋರಿಸುವ ಆಸೆ ಅವನಿಗೆ.

ಬರೆದದ್ದೇನೆಂದು ಅವನಿಗೆ ತಿಳಿದದ್ದು ಮನೆಗೆ ಬಂದ ಮೇಲೆ. “ಬಾಯ, ನಾ ಇಷ್ಟ್ ವರ್ಷ ತಿಂದದ್ದೂ ಜೂಜಿನ ಮೀನೇ ಏನೇ?” ಎಂದು ನನ್ನನ್ನು ಕೇಳಿದ. ಅಲ್ಲ ಅಪ್ಪಾ ಎಂದೆ. “ಸರಕಾರದವ್ರು ಸುಮ್ನೆ ಬರೀತ್ರಾ?” ಎಂದ. ಈಗ ನಿತಿನ ಮನೆಬಾಗಿಲಿಗೇ ಮೀನು ತಂದರೂ ಮುಟ್ಟುವುದಿಲ್ಲ. ಬೆರಳು ಮತ್ತೆ ಮಡಚಿಕೊಂಡಿವೆ.

ಅಂಗಡಿಗೆ ಬೇಕಾದರೆ ಇನ್ನೊಂದು ಬೀಗ ಹಾಕಿ. ಜೂಜುಕೋರ ಎಂಬ ಆ ಒಂದು ಪದವನ್ನು ಮಾತ್ರ ಹೊಡೆದುಹಾಕಿ. ಎರಡು ಬಂಗಡೆ ಹಿಡಿದು ಹಾರವಾಡಕ್ಕೆ ಬನ್ನಿ. ನಾಲ್ಕು ಜನರೆದುರು “ತಾಂಡೇಲರೇ, ನಿಮ್ಮ ಪಾಲು” ಎಂದು ಅಪ್ಪನ ಮುಂದೆ ಹಿಡಿಯಿರಿ. ನಾವು ಕೊಟ್ಟರೆ ಅವನು ಕೈ ತೆರೆಯುವುದಿಲ್ಲ. ತಾವು ಕೊಟ್ಟರೆ ತೆರೆದಾನು.

ಇಂತಿ,
ತಮ್ಮ ಕಡತದ ಪ್ರಕಾರ ಜೂಜುಕೋರನ ಮಗಳಾದ
ಮಂಗಲಾ, ಹಾರವಾಡ
ಅಕ್ಟೋಬರ್ ೨೦೦೫