ಮೇಲಿನ ಮೆಟ್ಟಿಲ ಕನ್ನಡಕ

ಮಗನೇ,

ನಿನ್ನ ಸಿನಿಮಾ ನೋಡಿ ಬಂದೆವು. ಸತ್ತ ಅಜ್ಜಿಯನ್ನು ಉಳಿಸಲು ಮೊಮ್ಮಗ ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆ ಚೆನ್ನಾಗಿದೆ. ಮೊದಲ ಸಲ ಮೆಟ್ಟಿಲ ಮೇಲಿನ ನೀರು ಒರೆಸುತ್ತಾನೆ, ಎರಡನೇ ಸಲ ಬಲ್ಬು ಬದಲಿಸುತ್ತಾನೆ. ಆದರೂ ಅಜ್ಜಿ ಬೀಳುತ್ತಾಳೆ. ಮೂರನೇ ಸಲ ಬಾಗಿಲ ಹಿಂದೆ ಅವಿತು, ಅಜ್ಜಿಯ ಬೆನ್ನ ಹಿಂದೆ ಬಂದವರ ಮುಖ ನೋಡುತ್ತಾನೆ. ನಮಗೆ ಮಾತ್ರ ಅದನ್ನು ತೋರಿಸದೆ ಮುಗಿಸಿಬಿಟ್ಟೆ.

"ನಮ್ಮಮ್ಮ ಬಿದ್ದಿದ್ದೂ ಹೀಗೇ ಅಲ್ವೇನೇ? ಮಿಕ್ಕಿದ್ದೆಲ್ಲ ಎಲ್ಲಿಂದ ಹೊಳೀತೋ ಇವನಿಗೆ!" ಎಂದು ನಿನ್ನಪ್ಪ ಕಣ್ಣೊರೆಸಿಕೊಂಡರು. ನಾನು ಹೂಂಗುಟ್ಟಿದೆ.

ಆದರೆ ಅಜ್ಜಿಯ ಕನ್ನಡಕ ಮೇಲಿನ ಮೆಟ್ಟಿಲಲ್ಲೇ ಉಳಿದದ್ದನ್ನೂ ತೋರಿಸಿದ್ದೀಯ. ಅವತ್ತು ಜನ ಸೇರುವ ಮೊದಲೇ ನಾನದನ್ನು ಕೆಳಗೆ ತಂದು ಅತ್ತೆಯ ಪಕ್ಕ ಇಟ್ಟಿದ್ದೆ. ಆರು ವರ್ಷದ ನೀನು ಜ್ವರ ಬಂದು ಒಳಗೆ ಮಲಗಿದ್ದೆ. ನಿನಗೆ ನಿದ್ದೆ ಹತ್ತಿದೆ ಎಂದು ನಾನಂದುಕೊಂಡಿದ್ದೆ.

ಎರಡನೇ ಭಾಗ ಬರೆಯುತ್ತಿದ್ದೀಯಂತೆ. ಅದಕ್ಕೆ ಮೊದಲು ಭಾನುವಾರ ಒಬ್ಬನೇ ಬಾ. ಅಪ್ಪ ಊರಲ್ಲಿರುವುದಿಲ್ಲ. ಬರುವ ವಿಷಯ ಯಾರಿಗೂ ಹೇಳಬೇಡ. ಮಹಡಿಯ ಮೇಲೆ ನಿನ್ನ ಕೋಣೆ ಗುಡಿಸಿಟ್ಟಿದ್ದೇನೆ. ಮೆಟ್ಟಿಲ ಬಲ್ಬು ಮತ್ತೆ ಹೋಗಿದೆ. ಗೋಡೆ ಹಿಡಿದು ನಿಧಾನ ಹತ್ತು, ನಾನು ನಿನ್ನ ಹಿಂದೆಯೇ ಇರುತ್ತೇನೆ.

ದಾರಿ ಕಾಯುತ್ತಿರುವ
ಅಮ್ಮ