ಅಂಗೈ ಪಾಸ್

ಮಂಗಳವಾರ, ಮಧ್ಯಾಹ್ನ
ಕಾರ್ಖಾನೆಯ ಕ್ಯಾಂಟೀನು

ಪ್ರೀತಿಯ ಗಿಣಿಗೆ,

ನಿನ್ನ ಅಕ್ಕನ ಆಶೀರ್ವಾದ. ಕೈಯಲ್ಲಿ ಫೋನಿಟ್ಟುಕೊಂಡು ಇವಳು ಕಾಗದ ಯಾಕೆ ಬರೆದಳು ಎಂದು ನೀನು ಲಕೋಟೆ ಹರಿಯುವಾಗಲೇ ನಿನ್ನ ಗಂಡನನ್ನು ಕೂಗಿ ಕರೆದಿರುತ್ತೀಯ. ಅವರನ್ನು ಕಳಿಸಿಬಿಡು. ಮೊದಲು ನೀನೊಬ್ಬಳೇ ಓದು. ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಪೂರ್ತಿ ಮಾಡಲು ಬಿಡುವುದಿಲ್ಲ, ಅಮ್ಮ ನಿನಗೆ ಗಿಣಿ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಫೋನಿನಲ್ಲಿ ನಾನು ನಿನಗೆ ಈಗಾಗಲೇ ಎರಡು ಸಲ ಸುಳ್ಳು ಹೇಳಿದ್ದೇನೆ. ಮೂರನೆಯ ಸಲವೂ ಹೇಳಿಬಿಡುತ್ತೇನೆಂಬ ಭಯದಿಂದ ಪೆನ್ನು ಹಿಡಿದಿದ್ದೇನೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ನಮ್ಮ ಕಾರ್ಖಾನೆಯಲ್ಲಿ ಜೋಡಿಸುತ್ತಿರುವ ಹೊಸ ಗೇಮ್ ಕನ್ಸೋಲ್ ಶುಕ್ರವಾರ ಅಂಗಡಿಗಳಿಗೆ ಬರುತ್ತದೆ. ಮಕ್ಕಳು ಗಂಟೆಗಿಷ್ಟು ಕೊಟ್ಟು ಆಡುವ ನಿನ್ನ ಆಟದಂಗಡಿಗೆ ಆರನ್ನು ಮೊದಲ ದಿನವೇ ಕೊಳ್ಳುವುದೋ, ಸ್ವಲ್ಪ ಕಾಯುವುದೋ? ನಿನ್ನ ಗಂಡ ಬೆಲೆ ಇಳಿಯುವವರೆಗೆ ಕಾಯೋಣ ಎನ್ನುತ್ತಾರೆ. ಅವರು ಯಾವುದಕ್ಕೆ ತಾನೆ ಕಾಯಲಿಲ್ಲ, ನಿನ್ನನ್ನು ಒಪ್ಪಿಕೊಳ್ಳುವುದಕ್ಕೇ ಎರಡು ವರ್ಷ ತೆಗೆದುಕೊಂಡರು. ಆದರೆ ಹಿಂದಿನ ಬೀದಿಯಲ್ಲಿ ನಿನ್ನಂತೆಯೇ ಆಟದಂಗಡಿ ಇಟ್ಟಿರುವ ಮಹಡಿಯವನು ಎಂಟು ಪೀಸು ಬುಕ್ ಮಾಡಿದ್ದಾನೆ, ಶುಕ್ರವಾರ ಸಂಜೆ ನಿನ್ನ ಹುಡುಗರೆಲ್ಲ ಅವನ ಮೆಟ್ಟಿಲು ಹತ್ತುತ್ತಾರೆ, ಒಮ್ಮೆ ಅತ್ತ ಹೋದವರು ಮತ್ತೆ ಇತ್ತ ಬರುವುದಿಲ್ಲ ಎಂದು ನೀನು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಮೊದಲ ದಿನ ತಗೊಳ್ಳೋರೆಲ್ಲ ಜೂಜಾಡ್ತಾರೆ ಅಕ್ಕ, ನಮಗೇನು ಭಯ, ನಮ್ಮ ಹತ್ರ ನಿನ್ನ ಅಂಗೈ ಇದೆಯಲ್ಲ, ಆರು ಪೀಸು ನೀನೇ ಕೈಯಿಟ್ಟು ಆರಿಸಿ ಕಳಿಸು ಅಂದೆ.

ನಾನು ಆಯಿತು ಅಂದೆ. ಅದು ಮೊದಲನೆಯ ಸುಳ್ಳು. ಮಾರನೆಯ ದಿನ ನಾನೇ ಫೋನು ಮಾಡಿ, ಆರು ತಿಂಗಳು ಬಿಟ್ಟರೆ ಬೆಲೆ ಇಳಿಯುತ್ತದೆ, ಆಗ ನೋಡೋಣ ಅಂದೆ. ನೀನು ನಕ್ಕು, ಅಕ್ಕ ನೀನೂ ನನ್ನ ಗಂಡನ ಕಡೆ ಸೇರಿಬಿಟ್ಯಾ ಅಂದೆ. ಬೆಲೆಯ ಮಾತು ಎರಡನೆಯ ಸುಳ್ಳು.

ನನ್ನ ಅಂಗೈಯ ಕಥೆ ನೀನು ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದವಳು. ಆದರೂ ಅದು ನಡೆಯುವುದು ಹೇಗೆ ಎಂದು ನಿನಗೆ ಸರಿಯಾಗಿ ಗೊತ್ತಿಲ್ಲ. ಜೋಡಿಸಿ ಮುಗಿದ ಪೀಸುಗಳು ಕಾವಿನ ಕೋಣೆಗೆ ಬರುತ್ತವೆ. ಅಲ್ಲಿ ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು. ಅವನ್ನು ಸಾಲಾಗಿ ಇಟ್ಟು, ಒಳಗೆ ಭಾರವಾದ ಆಟವೊಂದನ್ನು ಓಡಿಸಿ, ಎಂಟು ಗಂಟೆ ಬೇಯಲು ಬಿಡುತ್ತೇವೆ. ಕೆಟ್ಟ ಪೀಸು ಎಂಟು ಗಂಟೆಯಲ್ಲಿ ಮಿತಿಮೀರಿ ಕಾದು ತನ್ನ ಗುಣ ತೋರಿಸುತ್ತದೆ. ನನಗೆ ಎಂಟು ಗಂಟೆ ಬೇಕಿರಲಿಲ್ಲ. ಹಿಂದಿನ ಎಡಮೂಲೆಯ ಮೇಲೆ ಅಂಗೈಯಿಟ್ಟರೆ, ಕರೆಂಟಿನ ಬೋರ್ಡು ಸರಿಯಾಗಿ ಕೂತಿಲ್ಲದ ಪೀಸು ಅರ್ಧ ಗಂಟೆಯಲ್ಲೇ ಗೊತ್ತಾಗುತ್ತಿತ್ತು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ತಾಯಿಗೆ ಗೊತ್ತಾಗುವುದಿಲ್ಲವೇ, ಹಾಗೆ. ಹನ್ನೊಂದು ವರ್ಷದಲ್ಲಿ ನನ್ನ ಕೈ ತಪ್ಪಿದ್ದು ಬೆರಳೆಣಿಕೆಯಷ್ಟು. ನಮ್ಮ ಸೂಪರ್‌ವೈಸರ್, ಅವನನ್ನು ನಾವು ಮೀಸೆ ಅನ್ನುತ್ತೇವೆ, ಹೊರಗಿನವರು ಬಂದಾಗಲೆಲ್ಲ ನನ್ನನ್ನು ಕರೆದು ಕೈ ಚಾಚಲು ಹೇಳುತ್ತಿದ್ದ. ಇವರಿದ್ದರೆ ನಮಗೆ ಥರ್ಮಾಮೀಟರೇ ಬೇಡ ಸಾರ್ ಅನ್ನುತ್ತಿದ್ದ. ನಾನು ಉಬ್ಬುತ್ತಿದ್ದೆ. ಸುಳ್ಳು ಯಾಕೆ, ಬಹಳ ಉಬ್ಬುತ್ತಿದ್ದೆ.

ಗಿಣಿ, ಆ ಕೈ ಸತ್ತು ಎಂಟು ತಿಂಗಳಾಯಿತು.

ಒಂದು ಭಾನುವಾರ ಬೆಳಿಗ್ಗೆ ಒಲೆಯ ಮೇಲಿದ್ದ ಪಾತ್ರೆಯನ್ನು ಬಟ್ಟೆಯಿಲ್ಲದೆ ಹಿಡಿದು ಕೆಳಗಿಟ್ಟೆ. ಏನೂ ಅನ್ನಿಸಲಿಲ್ಲ. ಚರ್ಮ ಸುಟ್ಟ ವಾಸನೆ ಬಂದ ಮೇಲೆ ಕೈ ನೋಡಿಕೊಂಡೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅಂತಾರಲ್ಲ, ನನ್ನ ಅಂಗೈ ಹುಣ್ಣಾಗಿದೆ ಎಂದು ತಿಳಿಯಲು ನನಗೆ ಮೂಗು ಬೇಕಾಯಿತು. ಡಾಕ್ಟರು ಸೂಜಿ ಚುಚ್ಚುತ್ತ ಹೋದರು, ನಾನು ಕಣ್ಣು ಮುಚ್ಚಿಕೊಂಡು ಇಲ್ಲ, ಇಲ್ಲ, ಇಲ್ಲ ಎನ್ನುತ್ತ ಹೋದೆ. ಸಕ್ಕರೆ ಕಾಯಿಲೆ ನರಗಳನ್ನು ತಿಂದುಹಾಕಿದೆ, ಸಾಮಾನ್ಯವಾಗಿ ಮೊದಲು ಪಾದಕ್ಕೆ ಬರುತ್ತೆ, ನಿಮಗೆ ಕೈಗೂ ಬಂದಿದೆ ಅಂದರು. ಅಮ್ಮನ ಕಾಲಿಗೆ ಮೊಳೆ ಹೊಕ್ಕು ಎರಡು ದಿನ ಅವರಿಗೇ ಗೊತ್ತಾಗದೆ ನಡೆದಾಡಿದ್ದು ನಿನಗೆ ನೆನಪಿದೆಯಲ್ಲ. ಅದೇ ರೋಗ. ನೀನೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೋ, ಮುಂದೂಡಬೇಡ.

ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಸೋಮವಾರ ಕೆಲಸಕ್ಕೆ ಹೋದೆ. ಮೀಸೆಗೆ ಹೇಳಬೇಕೆಂದೇ ಹೋಗಿದ್ದೆ. ಅವನು ಅಂದು ಯಾರೋ ದೊಡ್ಡವರನ್ನು ಕರೆದುಕೊಂಡು ಬಂದು ನಿಂತಿದ್ದ, ಕೈ ಚಾಚಿ ಅಂದ. ಪಟ್ಟಿಯಿಲ್ಲದ ಕೈಯನ್ನು ಚಾಚಿದೆ. ಕಪಾಟಿನಲ್ಲಿದ್ದ ಒಂದು ಪೀಸನ್ನು ಬಾಯಿಗೆ ಬಂದಂತೆ ತೋರಿಸಿದೆ. ಅದನ್ನು ಬಿಚ್ಚಿ ನೋಡಿದರೆ ಬೋರ್ಡು ನಿಜವಾಗಿಯೂ ಓರೆಯಾಗಿತ್ತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ಹೇಳಲಾಗದವಳು ಮರುದಿನ ಹೇಳಲಿಲ್ಲ, ಆಮೇಲೆ ಹೇಳುವ ಪ್ರಶ್ನೆಯೇ ಉಳಿಯಲಿಲ್ಲ. ಕೆಲಸ ಹೋಗುತ್ತದೆಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಕೈ ಇಲ್ಲದಿದ್ದರೆ ನಾನು ಅಲ್ಲಿ ಯಾರು ಎಂಬುದು ನನಗೇ ತಿಳಿಯಲಿಲ್ಲ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಓದು ಅಷ್ಟಕ್ಕಷ್ಟೆ. ಜನ ನನ್ನನ್ನು ತಿರುಗಿ ನೋಡಿದ್ದೇ ಈ ಒಂದು ಕೈಗಾಗಿ.

ಬಿಡುಗಡೆಯ ದಿನ ಹತ್ತಿರವಾದಂತೆ ಎಂಟು ಗಂಟೆ ನಾಲ್ಕಾಯಿತು, ಎರಡಾಯಿತು. ಹೋದ ತಿಂಗಳು ನಲವತ್ತು ನಿಮಿಷಕ್ಕೆ ಇಳಿಯಿತು. ಕನ್ನಡಕದ ಇಂಜಿನಿಯರ್ ಹುಡುಗಿಯೊಬ್ಬಳಿದ್ದಾಳೆ, ನಿನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳಷ್ಟೇ ಎನ್ನಿಸುವ ಮುಖ. ಅವಳೊಬ್ಬಳು, ಇದು ಸಾಲೋದಿಲ್ಲ, ಎಲ್ಲವನ್ನೂ ಎಂಟು ಗಂಟೆ ಇಡಲೇಬೇಕು ಎಂದು ಜಗಳಕ್ಕೆ ನಿಂತಳು. ಮೀಸೆ ನನ್ನ ಕಡೆ ಬೆರಳು ತೋರಿಸಿದ. ಅಕ್ಕ ಅನುಮಾನ ಪಟ್ಟ ಪೀಸನ್ನು ಎಂಟು ಗಂಟೆ ಇಡೋಣ, ಅಕ್ಕನ ಕೈ ಒಪ್ಪಿದ್ದು ನೇರ ಹೊರಗೆ ಅಂದ. ಕನ್ನಡಕದವಳು ನನ್ನ ಮುಖ ನೋಡಿದಳು. ನಿಮಗೆ ಧೈರ್ಯ ಇದೆಯಾ ಅಕ್ಕ ಎಂದು ಕೇಳಿದಳು. ನಾನು ಹೂಂ ಅಂದೆ. ಆಗ ಒಂದು ರಬ್ಬರ್ ಮುದ್ರೆಯನ್ನೂ ಮಾಡಿಸಿದರು, ಅಂಗೈ ಪಾಸ್ ಅಂತ. ಅಂದಿನಿಂದ ನಾನು ಮಾಡಿದ್ದಿಷ್ಟೇ: ಒಂಬತ್ತಕ್ಕೆ ಮುದ್ರೆ ಒತ್ತುವುದು, ಹತ್ತನೆಯದರ ಮೇಲೆ ಕೈ ತುಸು ಹೆಚ್ಚು ಹೊತ್ತು ಇಟ್ಟು, ಹುಬ್ಬು ಗಂಟಿಕ್ಕಿ, ಇದನ್ನು ಕಾವಿಗೆ ಹಾಕಿ ಅನ್ನುವುದು. ಲೆಕ್ಕ ತಪ್ಪಿದ ದಿನ ಹನ್ನೊಂದನೆಯದು.

ಇಷ್ಟಾದರೂ ಬಹುಶಃ ನಾನು ನಿನಗೆ ಬರೆಯುತ್ತಿರಲಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ.

ಮೂರು ವಾರದ ಹಿಂದೆ ಕೆಲಸದವರಿಗೆ ಒಂದೊಂದು ಪೀಸು ಮುಂಚಿತವಾಗಿ ಕೊಟ್ಟರು. ಪೆಟ್ಟಿಗೆಗಳಿಗೆ ಟೇಪು ಹಚ್ಚುವವನೊಬ್ಬನಿದ್ದಾನೆ, ಟೇಪಣ್ಣ ಅನ್ನುತ್ತೇವೆ. ಹೊಸದಾಗಿ ಮದುವೆಯಾದವನು, ಕೆಲಸ ಮಾಡುತ್ತಲೇ ಹೆಂಡತಿಯ ಮಾತು ಹೇಳಿ ಹೇಳಿ ನಮ್ಮ ತಲೆ ತಿನ್ನುತ್ತಿದ್ದ. ಇಬ್ಬರಿಗೂ ಆಟದ ಹುಚ್ಚು. ಅವನು ನಾಚಿಕೊಂಡು ಬಂದು, ಅಕ್ಕ, ನಂಗೆ ಮಾತ್ರ ನೀವೇ ಕೈಯಿಟ್ಟು ಒಂದು ಒಳ್ಳೇದು ಆರಿಸಿಕೊಡಿ ಎಂದು ಕೇಳಿದ. ನಾನು ನಾಲ್ಕು ಪೀಸಿನ ಮೇಲೆ ಕೈಯಾಡಿಸುವ ನಾಟಕ ಮಾಡಿ ಐದನೆಯದನ್ನು ಕೊಟ್ಟೆ. ಅವನ ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು, ಆಟ ಹಚ್ಚಿಟ್ಟು, ಆಡುತ್ತಾಡುತ್ತ ನಿದ್ದೆ ಹೋದಳು. ಹಾಡಹಗಲು, ಮೂರು ಗಂಟೆ. ಬೆಂಕಿ ದೊಡ್ಡದೇನೂ ಆಗಲಿಲ್ಲ, ಕಿಟಕಿಯ ಪರದೆ ಮತ್ತು ಹಾಸಿಗೆಯ ಒಂದು ಅಂಚು ಅಷ್ಟೇ ಸುಟ್ಟಿತ್ತು. ಜೀವ ಹೋಗಲು ಹೊಗೆಯೇ ಸಾಕಾಯಿತು. ಅವಳಿಗೆ ಇಪ್ಪತ್ತಾರು ವರ್ಷ.

ಕಂಪನಿಯವರು ಹೋಗಿ ನೋಡಿಕೊಂಡು ಬಂದು, ಮನೆಯ ಎಕ್ಸ್‌ಟೆನ್ಷನ್ ಬೋರ್ಡಿನ ದೋಷ ಎಂದು ಬರೆದುಕೊಂಡರು. ಆ ಬೋರ್ಡನ್ನು ಕಟ್ಟಿದ್ದವನು ಟೇಪಣ್ಣನೇ. ಐದನೆಯ ದಿನ ಕೆಲಸಕ್ಕೆ ಬಂದ. ಯಾರೋ ಒಬ್ಬರು, ಪೀಸೇ ಕೆಟ್ಟಿತ್ತೇನೋ ಅಂದದ್ದಕ್ಕೆ ಅವರ ಮೇಲೆ ರೇಗಿಬಿಟ್ಟ. ಅದು ಅಕ್ಕ ಕೈಯಿಟ್ಟು ಕೊಟ್ಟ ಪೀಸು, ಅದು ಕೆಟ್ಟಿರೋಕೆ ಸಾಧ್ಯನೇ ಇಲ್ಲ, ನಾನೇ ವೈರು ಸರಿಯಾಗಿ ಬಿಗಿದಿರಲಿಲ್ಲ ಅಂದ. ಹೆಂಡತಿಯ ತಾಯಿಯ ಮುಂದೆಯೂ ಹಾಗೆಯೇ ಹೇಳಿ, ಕಾಲು ಹಿಡಿದು ಬಂದನಂತೆ. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಇದನ್ನೆಲ್ಲ ಹೇಳಿದ. ನಾನು ಮುದ್ರೆ ಒತ್ತುತ್ತಿದ್ದೆ, ಒತ್ತುತ್ತಲೇ ಇದ್ದೆ.

ನಿನ್ನ ಫೋನು ಬಂದದ್ದು ಇದರ ಮಧ್ಯೆ. ನಿನ್ನ ಅಂಗಡಿ ಕಣ್ಣಿಗೆ ಕಟ್ಟಿತು. ಟೀವಿ ಪರದೆ ಚೆನ್ನಾಗಿ ಕಾಣಲೆಂದು ಕಿಟಕಿಗೆಲ್ಲ ಹಲಗೆ ಹೊಡೆಸಿದ್ದೀಯ, ಪಕ್ಕದ ಮನೆಯವರಿಗೆ ಸದ್ದು ಕೇಳದಿರಲೆಂದು ಗೋಡೆಗೆ ಸ್ಪಂಜು ಅಂಟಿಸಿದ್ದೀಯ. ಬಾಗಿಲು ಒಂದೇ. ಅದರ ಪಕ್ಕದಲ್ಲಿ ನಿನ್ನ ಮಗಳು ಕೂತು ಯಾರ ಸರದಿ ಎಂದು ಬರೆದುಕೊಳ್ಳುತ್ತಾಳೆ. ಒಳಗೆ ಇಪ್ಪತ್ತು ಮಕ್ಕಳು, ಕಿವಿಗೆ ಹೆಡ್‌ಫೋನು ಹಾಕಿಕೊಂಡು.

ಬೇಡ, ಗಿಣಿ. ಆರೂ ಬೇಡ, ಒಂದೂ ಬೇಡ. ಮೊದಲ ದಿನವೂ ಬೇಡ, ನಿನ್ನ ಗಂಡ ಹೇಳುವ ಹಾಗೆ ಬೆಲೆ ಇಳಿದ ಮೇಲೂ ಬೇಡ. ಈಗ ಹೊರಗೆ ಹೋಗಿರುವ ಪೀಸುಗಳನ್ನೆಲ್ಲ ವಾಪಸು ತರಿಸಿ ಎಂಟು ಗಂಟೆ ಕಾಯಿಸುವವರೆಗೆ ಬೇಡ. ನಿನ್ನ ಹೆಸರು ಬರೆದು ಎತ್ತಿಟ್ಟಿದ್ದ ಆರು ಪೆಟ್ಟಿಗೆಗಳನ್ನು ಇಂದು ಬೆಳಿಗ್ಗೆ ನಾನೇ ಹಿಂದಕ್ಕೆ ಕಳಿಸಿದೆ. ನಿನ್ನ ಅಂಗಡಿ ಕುಸಿಯುತ್ತದೆಂದು ಗೊತ್ತು. ಆ ಕೋಣೆಗಾಗಿ ನೀನು ಎಷ್ಟು ಜನರ ಮನೆ ಬಾಗಿಲಿಗೆ ಹೋದೆ ಎಂದೂ ಗೊತ್ತು. ನನ್ನನ್ನು ಬೈಯಿ.

ಇಲ್ಲಿಗೆ ನಿಲ್ಲಿಸಿ ಸಹಿ ಹಾಕಬೇಕೆಂದಿದ್ದೆ. ತಂಗಿಯನ್ನು ಉಳಿಸಿಕೊಂಡೆ, ಸಾಕು ಎಂದುಕೊಂಡಿದ್ದೆ. ಊಟ ಮುಗಿಸಿದವರು ತಟ್ಟೆ ತೊಳೆಯತೊಡಗಿದಾಗ ಪೆನ್ನು ಮುಚ್ಚಿದೆ, ಮತ್ತೆ ತೆರೆದೆ. ನಿನ್ನ ಅಂಗಡಿಯಲ್ಲಿ ಹೊಸದು ಇಲ್ಲವೆಂದರೆ ಆ ಇಪ್ಪತ್ತು ಮಕ್ಕಳು ಎಲ್ಲಿಗೆ ಹೋಗುತ್ತಾರೆಂದು ನೀನೇ ಹೇಳಿದ್ದೀಯ. ಮಹಡಿಯವನ ಮೆಟ್ಟಿಲು ಹತ್ತುತ್ತಾರೆ. ಅವನ ಎಂಟರ ಮೇಲೂ ನನ್ನ ಮುದ್ರೆಯೇ ಇರುತ್ತದೆ.

ಅವನ ಹತ್ತಿರ ನೀನೇ ಹೋಗಬೇಕು. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೀಯ ಎಂದು ನಗುತ್ತಾನೆ. ನಗಲಿ, ಈ ಕಾಗದವನ್ನು ಅವನ ಕೈಗೆ ಕೊಡು. ಅಕ್ಕನ ಮಾನ ಹೋಗುತ್ತದೆಂದು ಮುಚ್ಚಿಡಬೇಡ. ಮುಚ್ಚಿಟ್ಟದ್ದು ಸಾಕು. ನಾಳೆ ಬೆಳಿಗ್ಗೆ ನಾನು ಕನ್ನಡಕದವಳ ಹತ್ತಿರ ಹೋಗುತ್ತೇನೆ, ಆಮೇಲೆ ಟೇಪಣ್ಣನ ಹತ್ತಿರ. ಹೋಗುತ್ತೇನೆ ಎಂದು ನಿನಗೆ ಬರೆದುಬಿಟ್ಟರೆ ಹೋಗದಿರಲಾಗುವುದಿಲ್ಲ, ಅದಕ್ಕೂ ಬರೆದೆ.

ಮಗಳಿಗೆ ಮುತ್ತು. ಅವಳ ಹಣೆ ಮುಟ್ಟಿದರೆ ಈಗ ನನಗೆ ಏನೂ ತಿಳಿಯುವುದಿಲ್ಲ, ಆದರೂ ಒಮ್ಮೆ ಮುಟ್ಟಬೇಕೆನಿಸಿದೆ.

ನಿನ್ನವಳೇ ಆದ,
ಅಕ್ಕ

ತಾ.ಕ.: ಬುಧವಾರ. ಕೊರಿಯರಿಗೆ ಕೊಡುವ ಮುನ್ನ ಮತ್ತೆ ತೆರೆದಿದ್ದೇನೆ. ಕನ್ನಡಕದವಳಿಗೆ ಬೆಳಿಗ್ಗೆ ಎಂಟಕ್ಕೆ ಹೇಳಿದೆ. ಅವಳು ಎದ್ದು ಮೇಲಿನವರ ಕೋಣೆಗೆ ಓಡಿದಳು. ಈಗ ಹನ್ನೆರಡು ಗಂಟೆ, ಆ ಬಾಗಿಲು ಇನ್ನೂ ತೆರೆದಿಲ್ಲ, ಕೆಳಗೆ ಲಾರಿಗಳು ಹೊರಡುತ್ತಲೇ ಇವೆ. ನೀನು ತಡಮಾಡದೆ ಮಹಡಿಯವನ ಹತ್ತಿರ ಹೋಗು. ಟೇಪಣ್ಣನನ್ನು ಗೋದಾಮಿನ ಹಿಂದಕ್ಕೆ ಕರೆದು ಎಲ್ಲ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆಯಲಿ ಎಂದೂ ಅಂದುಕೊಂಡಿದ್ದೆ. ಅವನು ನನ್ನ ಅಂಗೈಯನ್ನೇ ನೋಡಿದ. ಆಮೇಲೆ, ಹಾಗಾದ್ರೆ ನನ್ನ ವೈರಿಂದ ಅಲ್ವಾ ಅಕ್ಕ ಎಂದು ಕೇಳಿದ. ಅಲ್ಲಪ್ಪ, ನನ್ನಿಂದ ಅಂದೆ. ಅವನು ಅಲ್ಲೇ ಪೆಟ್ಟಿಗೆಗಳ ಮೇಲೆ ಕುಸಿದು ಕೂತು, ಅತ್ತು, ನನಗೆ ಥ್ಯಾಂಕ್ಸ್ ಹೇಳಿದ.